ಬಡಿಗೆ ಕೆಳಗಿಟ್ಟ ಆಯಿ

ಆಯಿಯ ಬಲಹುಬ್ಬು ನಡುವೆ ಸೀಳಿ ಎರಡು ತುಂಡಾಗಿತ್ತು. ಟಗರು ಹಾಯ್ದ ಗುರುತು ಅದು. ಯಾರಾದರೂ ಕೇಳಿದರೆ, “ಅದರ ತಪ್ಪಲ್ಲ, ನಾನ ಅವಸರ ಮಾಡಿದ್ನಿ” ಎನ್ನುತ್ತಿದ್ದಳು.

ನಾನು ದೇವರ ಹಿಪ್ಪರಗಿಯಲ್ಲಿ ಮಾಸ್ತರನಾಗಿದ್ದಾಗ ನಮ್ಮ ಬಾಡಿಗೆ ಮನೆಯ ಗೋಡೆಯಾಚೆ, ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದ ಆ ಮುದುಕಿಯ ಮನೆ. ಮಕ್ಕಳು ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಿದ್ದರು. ಮೊಣಕಾಲು ಸೋತ ಮೇಲೆ ಆಯಿ ಮನೆಯಲ್ಲೇ ಉಳಿದಿದ್ದಳು.

ನನ್ನ ಮಗಳಿಗೆ ಆಗ ಏಳು ವರ್ಷ. ಅವಳ ಸೋದರಮಾವ ಇಂಡಿಯಿಂದ ಒಂದು ಕಂದು ನಾಯಿಮರಿ ತಂದುಕೊಟ್ಟಿದ್ದ. ನಾನು ಶಾಲೆಯಿಂದ ಬಂದರೆ ಸಾಕು, ಅದು ಹುಚ್ಚೆದ್ದು ಹಾರುತ್ತಿತ್ತು, ಪ್ಯಾಂಟು ಹಿಡಿದು ಜಗ್ಗುತ್ತಿತ್ತು. ನಾನು ಚಪ್ಪಲಿ ಎತ್ತುತ್ತಿದ್ದೆ. ಒಂದು ಸಂಜೆ ಅದರ ಚೀರಾಟ ಕೇಳಿ ಆಯಿ ಕುಂಟುತ್ತಾ ಬಂದಳು.

“ನಿಮ್ಮನ್ನ ನೋಡಿ ಅದಕ್ಕ ಖುಷಿ ಆಗೈತ್ರಿ ಮಾಸ್ತರ್. ಖುಷಿ ಆದ್ರ ಬಡೀತಾರೇನ್ರಿ?”

ಮರುದಿನದಿಂದ ತಾನೇ ಕಲಿಸಲು ನಿಂತಳು. ಮುಷ್ಟಿಯಲ್ಲಿ ರೊಟ್ಟಿ ಚೂರು. ಮರಿ ಹಾರಿದರೆ ಬೆನ್ನು ತಿರುಗಿಸುವಳು. ಬೈಗುಳವಿಲ್ಲ, ನೋಟವೂ ಇಲ್ಲ. “ನಾಕೂ ಕಾಲು ನೆಲಕ್ಕ ಊರೂತನಾ ಸುಮ್ಮ ನಿಂದರ್ರಿ.” ಅದು ಅವಳ ಸೀರೆಯ ಅಂಚು ಹರಿದುಹಾಕಿತು, ಅವಳು ಅಲುಗಲಿಲ್ಲ. ಕೊನೆಗೆ ದಣಿದು ಕೂತಾಗ, ಕಷ್ಟಪಟ್ಟು ಬಾಗಿ ಚೂರು ಕೊಟ್ಟು, “ಶಾಣ್ಯಾ ಅದಿ” ಎಂದು ಪಿಸುಗುಟ್ಟಿದಳು. ಮರುದಿನ ಮತ್ತೆ ಮೊದಲಿನಿಂದ. ಹೀಗೇ ತಿಂಗಳು ಕಳೆಯಿತು.

ಒಂದು ದಿನ ಒಣಹಾಕಿದ್ದ ಅಂಗಿ ತೆಗೆಯಲು ಕೈ ಎತ್ತಿದೆ. ಮರಿ ನೆಲಕ್ಕೆ ಕುಸಿಯಿತು. ಪಕ್ಕದಲ್ಲಿದ್ದ ಮಗಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು.

ಕಟ್ಟೆಯ ಮೇಲೆ ಕೂತಿದ್ದ ಆಯಿ ಅವಳನ್ನು ನೀರು ತರಲು ಕಳಿಸಿ, “ಎರಡೂ ಕೂಸು ಒಂದ ನಮೂನಿ ಅಂಜತಾವಲ್ರಿ” ಎಂದಳು.

“ಅಕಿ ಭಾಳ ಹಟ ಮಾಡ್ತಾಳ ಆಯಿ,” ಎಂದೆ, ಸಿಟ್ಟಿನಿಂದ.

ಅವಳು ವಾದಿಸಲಿಲ್ಲ. “ನನ್ನ ಹಿರೇ ಮಗನೂ ಹಟ ಮಾಡ್ತಿದ್ದ. ಕುರಿ ಕಾಯೂ ಬಡಿಗೀಲೇ ಹೊಡದ್ನಿ. ಕಿವಿ ಮ್ಯಾಲ ಬಿತ್ತು. ಈಗ ಅವಂಗ ನಲವತ್ತು ದಾಟ್ಯಾವ. ಆ ಬಾಜೂಕ ನಿಂತು ಕರದ್ರ ಕೇಳಸೂದಿಲ್ಲ. ಸುತ್ತ ಹಾಕಿ ಈ ಬಾಜೂಕ ಬಂದು ಮಾತಾಡ್ತೇನಿ. ಅವತ್ತ ಇಟ್ಟ ಬಡಿಗಿ ಮತ್ತ ಹಿಡದಿಲ್ಲ.”

ಮಗಳು ನೀರು ತಂದಳು. ಆಯಿ ಕುಡಿದು ಎದ್ದು ಹೋದಳು.

ಆ ಸಂಜೆಯ ನಂತರ ನಾನು ಮಗಳನ್ನು ಹೊಡೆದಿಲ್ಲ. ನನಗೆ ಮನಗೂಳಿಗೆ ವರ್ಗವಾಯಿತು. ಎಂಟು ವರ್ಷದ ಮೇಲೆ ಆಯಿ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ನೋಡಲು ಹೋದೆ. ಅವಳಿಗೆ ನನ್ನ ಗುರುತು ಸಿಕ್ಕಿತು.

“ಮಗಳು ಈಗ ಅಂಜೂದಿಲ್ಲಲ್ರಿ?”

“ಇಲ್ಲ ಆಯಿ.”

“ಆತು ಹಂಗಾರ,” ಎಂದು ಮಗ್ಗುಲಾದಳು. ವಾರದಲ್ಲಿ ಅವಳು ಹೋದ ಸುದ್ದಿ ಬಂತು.

ನಾನು ಹೇಳಿದ್ದು ನಿಜವಾಗಿರಲಿಲ್ಲ. ಮಗಳು ನನ್ನ ಜೊತೆ ನಗುತ್ತಾಳೆ, ಜಗಳವಾಡುತ್ತಾಳೆ. ಆದರೆ ಹಿಂದಿನಿಂದ ಕರೆದರೆ, ತಿರುಗಿ ಮೊದಲು ನನ್ನ ಕೈ ನೋಡುತ್ತಾಳೆ. ಆಮೇಲೆ ಮುಖ.