ಬೊಮ್ಮಯ್ಯನಿಗೆ ಕೆಲಸ ಕೊಡದ ಸಿನಿಮಾ

ಅಘನಾಶಿನಿಯ ಬೊಮ್ಮಯ್ಯನಿಗೆ ಹಿಂದಿ ಬರುತ್ತದೆ ಎಂಬುದು ಕೇರಿಯೇ ಒಪ್ಪಿದ ಮಾತು. ಪ್ರಾಯದಲ್ಲಿ ಎರಡು ವರ್ಷ ರತ್ನಾಗಿರಿಯ ದೋಣಿಯಲ್ಲಿ ಅಡುಗೆ ಮಾಡಿಕೊಂಡಿದ್ದವನು. ಅಲ್ಲಿ ಕಲಿತದ್ದು ಮೀನಿನ ಹೆಸರು ಮತ್ತು ಹತ್ತಿಪ್ಪತ್ತು ಬೈಗುಳ ಮಾತ್ರ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮಳೆಗಾಲಕ್ಕೆ ದೋಣಿಗಳು ದಡ ಹತ್ತಿದ ಮೇಲೆ, ಭಾನುವಾರ ಮಧ್ಯಾಹ್ನ ಜನ ಅವನ ಜಗಲಿಯಲ್ಲಿ ನೆರೆಯುತ್ತಿದ್ದರು. ಕುಮಟೆಯಿಂದ ಬಾಡಿಗೆಗೆ ತಂದ ಹಿಂದಿ ಸಿ.ಡಿ. ಓಡುತ್ತಿತ್ತು. ಟಿವಿ ಪಕ್ಕ ಕುರ್ಚಿ ಹಾಕಿಕೊಂಡು ಬೊಮ್ಮಯ್ಯ ಅರ್ಥ ಹೇಳುತ್ತಿದ್ದ. ಪ್ರೇಮಿಗಳು ಕಣ್ಣೀರು ಹಾಕುತ್ತಿದ್ದರೆ, ಬಲೆ ಹರಿದವರು ಯಾರೆಂದು ಜಗಳ ಎನ್ನುತ್ತಿದ್ದ. ಹೆಂಡತಿ ಗಣಪಿ ಎಂದೂ ಎದುರಾಡಿದವಳಲ್ಲ. ಅವನಿಗೆ ಆ ಕುರ್ಚಿಯೆಂದರೆ ಪಂಚಪ್ರಾಣ.

೨೦೦೧ರ ಜುಲೈಯಲ್ಲೊಮ್ಮೆ ಅಂಗಡಿಯವನು ಕವರು ಅದಲುಬದಲು ಮಾಡಿ ಕೊಟ್ಟ. ಹಾಕಿದರೆ ಹಳೇ ಕಪ್ಪು ಬಿಳುಪು ಚಿತ್ರ. ವಾದ್ಯ ಬಿಟ್ಟರೆ ಮಾತೇ ಇಲ್ಲ. ಬೊಮ್ಮಯ್ಯ ಟಿವಿಯ ತಲೆಗೆ ಎರಡೇಟು ಬಿಟ್ಟ. ಅಷ್ಟರಲ್ಲಿ ಬಿಗಿ ಕೋಟಿನ ದಢೂತಿಯೊಬ್ಬ ಏಣಿ ಹೊತ್ತು ತಿರುಗಿದ, ಹಿಂದಿದ್ದ ಪೊಲೀಸು ಸುಣ್ಣದ ಬಾನಿಯೊಳಗೆ ಬಿದ್ದ. ಜಗಲಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂವ ಎಂತ ಹೇಳ್ತ ಅಂದ್ರೆ..." ಎಂದು ಬೊಮ್ಮಯ್ಯ ಶುರುಮಾಡಿದ.

"ಅರ್ಥ ಆತು ಮಾರಾಯ, ಸುಮ್ನಿರು," ಎಂದರು ನಾಲ್ಕು ಜನ.

ಅವನ ಮುಖ ಹುಳ್ಳಗಾಯಿತು. ಇನ್ನು ತನ್ನನ್ನು ಕೇಳುವವರು ಯಾರು ಎಂದು ಸಂಕಟವಾಯಿತು. ಆದರೆ ಮುಖದ ಗಂಟು ಬಿಚ್ಚದ ಸಣಕಲನೊಬ್ಬ ಬಂದು, ಕುರ್ಚಿಯೆಂದು ಉರಿಯುವ ಒಲೆಯ ಮೇಲೆ ಕೂತಾಗ ಬೊಮ್ಮಯ್ಯನೂ ನಕ್ಕುಬಿಟ್ಟ. ಅಷ್ಟು ವರ್ಷ ಅರ್ಥ ಹೇಳುವ ಗಡಿಬಿಡಿಯಲ್ಲಿ ಅವನು ಒಂದು ಸಿನಿಮಾವನ್ನೂ ಸರಿಯಾಗಿ ನೋಡಿರಲಿಲ್ಲ.

ಆಗ ತೆರೆಯ ತುಂಬ ಇಂಗ್ಲಿಷ್ ಅಕ್ಷರ ಬಂದವು.

"ಎಂತ ಬರ್ದದೆ ಬೊಮ್ಮಣ್ಣ?" ಎಂದಳು ಪಕ್ಕದ ಮನೆಯ ಸುಬ್ಬಿ. ಎಲ್ಲರೂ ಅವನತ್ತ ತಿರುಗಿದರು.

ಸುಳ್ಳು ಬಾಯಿತುದಿಗೆ ಬಂದಿತ್ತು. ಆದರೆ ನಗುತ್ತ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ನಂಗೆ ಇಂಗ್ಲಿಷ್ ಬರೂದಿಲ್ಲ," ಎಂದ. ಆಮೇಲೆ, "ಹಿಂದೀನೂ ಬರೂದಿಲ್ಲ" ಎಂದ.

ಯಾರೂ ಬೆಚ್ಚಲಿಲ್ಲ. ಸುಬ್ಬಿ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ಕೂತಳು.

"ಅದು ಗಣಪಿ ಮೊದಲ್ನೇ ವರ್ಷವೇ ಹೇಳಿದ್ಲು. ಹಿಂದಿ ತಿಳಿಯೋರು ನಮ್ಮನೇಲೂ ಇದ್ರು, ಅವ್ರ ಬಾಯಲ್ಲಿ ಕೇಳಿದ್ರೆ ಸಪ್ಪೆ. ನಾವು ಬರೂದೇ ನೀ ಹೇಳೂದು ಕೇಳೂಕೆ. ಇದ್ರಲ್ಲಿ ಎಂತ ಬರ್ದದೆ, ಬೇಗ ಹೇಳು."

ಬೊಮ್ಮಯ್ಯ ಗಣಪಿಯನ್ನು ನೋಡಿದ. ಅವಳು ಟಿವಿಯಿಂದ ಕಣ್ಣು ತೆಗೆಯದೆ ಸೆರಗಿನಲ್ಲಿ ನಗುತ್ತಿದ್ದಳು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಗಂಟಲು ಸರಿಮಾಡಿಕೊಂಡು ಹೇಳತೊಡಗಿದ.