ಎರಡು ಹುಟ್ಟುಹಬ್ಬಗಳ ಹುಡುಗಿ

ಕೋವಿಡ್ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಮರುವರ್ಷದ ಜುಲೈ. ಫಳ್ನೀರಿನ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ನಾನು ಹತ್ತೊಂಬತ್ತು ವರ್ಷ ಮುಗಿಸಿದ್ದೆ. ಅಲ್ಲೇ ಮಕ್ಕಳ ಎತ್ತರ, ತೂಕ ನೋಡಿ ಬರೆದುಕೊಳ್ಳುತ್ತಿದ್ದ ನರ್ಸ್ ಐರಿನ್ ನನ್ನ ಹೆಂಡತಿ. ಅವಳು ತೀರಿಕೊಂಡು ಈಗ ಎಂಟು ತಿಂಗಳಾಯಿತು. ಅವಳನ್ನು ನೆನೆಯುವಾಗ ಈ ಒಂದು ಕೇಸ್ ಮತ್ತೆ ಮತ್ತೆ ಮುಂದೆ ಬರುತ್ತದೆ. ಎಕ್ಸ್‌ರೇ ತೆಗೆದವನು ನಾನು, ಆದರೆ ಕೇಸ್ ಅವಳದ್ದು.

ಹುಡುಗಿಯನ್ನು ಶ್ರಾವ್ಯ, ತಾಯಿಯನ್ನು ಶೈಲಜಾ ಎಂದು ಕರೆಯುತ್ತೇನೆ. ನಿಜವಾದ ಹೆಸರುಗಳು ಬೇರೆ. ಪಡೀಲಿನವರು. ಶ್ರಾವ್ಯ ಐದನೆಯ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಅವಳೇ ಮೊದಲು. ಕಾಗದದ ಪ್ರಕಾರ ವಯಸ್ಸು ಹತ್ತು ವರ್ಷ ಎಂಟು ತಿಂಗಳು. ಡಾಕ್ಟರು ಬೋನ್ ಏಜ್ ನೋಡಲು ಬರೆದಿದ್ದರು.

ಬೋನ್ ಏಜ್ ಅಂದರೆ ಎಲುಬಿನ ವಯಸ್ಸು. ಎಡಗೈಯ ಅಂಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ ಸಾಕು. ಮಕ್ಕಳ ಎಲುಬುಗಳ ತುದಿಯಲ್ಲಿ ಮೃದು ಎಲುಬಿನ ಪದರ ಇರುತ್ತದೆ. ಎಕ್ಸ್‌ರೇಯಲ್ಲಿ ಅದು ಕಪ್ಪು ಗೆರೆಯಂತೆ ಕಾಣುತ್ತದೆ. ಬೆಳೆದಂತೆ ಆ ಗೆರೆ ತೆಳುವಾಗಿ, ಕೊನೆಗೆ ಮುಚ್ಚಿಹೋಗುತ್ತದೆ. ರೇಡಿಯಾಲಜಿಸ್ಟ್ ಅದನ್ನು ಬೇರೆ ಬೇರೆ ವಯಸ್ಸಿನ ಕೈಗಳ ಚಿತ್ರಗಳ ಜೊತೆ ಹೋಲಿಸಿ, ಈ ಎಲುಬು ಇಷ್ಟು ವರ್ಷದ್ದು ಎಂದು ಬರೆಯುತ್ತಾರೆ. ಹುಟ್ಟಿದ ತಾರೀಕಿನ ವಯಸ್ಸಿಗಿಂತ ಎಲುಬಿನ ವಯಸ್ಸು ತುಂಬಾ ಹಿಂದಿದ್ದರೆ ಕಾರಣ ಹುಡುಕಬೇಕು. ಹಾಗಿದ್ದರೆ ಇನ್ನೂ ಕೆಲವು ಪರೀಕ್ಷೆ ಆಗಬೇಕು, ಆಮೇಲೆ ದಿನಾ ಹಾರ್ಮೋನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ ಬೇಕಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇಂಜೆಕ್ಷನ್ ಎಂದು ಕೇಳಿದಾಗಿನಿಂದ ಹುಡುಗಿಯ ಮುಖ ಸಪ್ಪಗಿತ್ತು.

ಎಕ್ಸ್‌ರೇಗೆ ಮುಂಚೆ ಹೆಸರು, ಹುಟ್ಟಿದ ತಾರೀಕು ಮಗುವಿನ ಬಾಯಿಯಿಂದಲೇ ಕೇಳುವುದು ನನ್ನ ಕ್ರಮ. ತಪ್ಪಿ ಬಲಗೈ ತೆಗೆದರೂ ಮಗು ಬದಲಾಗಬಾರದಲ್ಲ. ಕೇಳಿದೆ.

"ಶಾಲೆಯದ್ದು ಹೇಳಬೇಕಾ, ಮನೆಯದ್ದು ಹೇಳಬೇಕಾ?" ಎಂದಳು ಶ್ರಾವ್ಯ.

"ಎಂತ, ನಿನಗೆ ಎರಡೆರಡು ಉಂಟಾ?"

"ಹೌದು ಅಂಕಲ್. ಶಾಲೆಯಲ್ಲಿ ನವೆಂಬರ್, ಚಾಕಲೇಟ್ ಕೊಡ್ಲಿಕ್ಕೆ. ಮನೆಯಲ್ಲಿ ಜನವರಿ, ಪಾಯಸ."

ನಾನು ನಕ್ಕೆ. ಶಾಲೆಗೆ ಸೇರಿಸುವಾಗ ತಾರೀಕು ಆಚೀಚೆ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ನನ್ನದೇ ಜೂನ್ ಒಂದು. ಎರಡು ತಿಂಗಳ ವ್ಯತ್ಯಾಸದಿಂದ ಏನಾಗುತ್ತದೆ ಎಂದುಕೊಂಡು ಕಾಗದದಲ್ಲಿದ್ದದ್ದನ್ನೇ ಕಂಪ್ಯೂಟರಿಗೆ ಹಾಕಿದೆ. ಬಾಗಿಲ ಬಳಿ ನಿಂತಿದ್ದ ಶೈಲಜಾ ಆ ಕಾಗದವನ್ನು ವಾಪಸ್ ಪಡೆದು ಮಡಚಿಟ್ಟುಕೊಂಡರು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಇದನ್ನು ತಮಾಷೆಯೆಂದು ಐರಿನ್‌ಗೆ ಹೇಳಿದೆ. ಅವಳು ನಗಲಿಲ್ಲ.

"ಯಾವ ವರ್ಷದ ಜನವರಿ?"

"ಅದು ಕೇಳಲಿಲ್ಲ."

"ನಿಮಗೆ ಎಲುಬು ಕಂಡ್ರೆ ಸಾಕು ಮಾರಾಯ್ರೆ, ಮತ್ತೆ ಮನುಷ್ಯರು ಬೇಡ," ಎಂದು ನನ್ನ ತಟ್ಟೆಯಿಂದ ಮೀನಿನ ತುಂಡೊಂದನ್ನು ಎತ್ತಿಕೊಂಡಳು. ಅದು ದಂಡ.

ಸಂಜೆ ರಿಪೋರ್ಟ್ ಆಯಿತು. ಎಲುಬಿನ ವಯಸ್ಸು ಎಂಟು ವರ್ಷ ಹತ್ತು ತಿಂಗಳು. ಕಾಗದದ ವಯಸ್ಸಿಗಿಂತ ಇಪ್ಪತ್ತೆರಡು ತಿಂಗಳು ಹಿಂದೆ.

ಮೂರನೆಯ ದಿನ ಶೈಲಜಾ ಒಬ್ಬರೇ ಬಂದರು. ಡಾಕ್ಟರ ಕೋಣೆಗೆ ಹೋಗುವ ಮೊದಲೇ ಐರಿನ್ ಅವರನ್ನು ಎಕ್ಸ್‌ರೇ ಕೋಣೆಗೆ ಕರೆತಂದಳು. ನಾನು ಹೊರಗೆ ಹೋಗಲು ಎದ್ದೆ. "ಇರಲಿ ಸರ್, ನೀವೂ ಕೇಳಿ," ಎಂದರು ಶೈಲಜಾ. ಐರಿನ್ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ಸ್ಟೂಲ್ ಎಳೆದು ಅವರ ಪಕ್ಕ ಕುಳಿತಳು, ಅಷ್ಟೆ.

"ನವೆಂಬರಿನದ್ದು ಇವಳದ್ದಲ್ಲ ಸಿಸ್ಟರ್. ಇವಳ ಅಕ್ಕನದ್ದು," ಎಂದರು ಶೈಲಜಾ. "ನಲವತ್ತು ದಿನ ಇತ್ತು ಮಗು. ಮರುವರ್ಷ ಕಳೆದು ಜನವರಿಯಲ್ಲಿ ಇವಳು ಹುಟ್ಟಿದ್ದು. ಅದೇ ಹೆಸರು ಇಟ್ಟೆವು. ಶಾಲೆಗೆ ಸೇರಿಸುವಾಗ ಮನೆಯಲ್ಲಿ ಎರಡು ಸರ್ಟಿಫಿಕೇಟ್ ಇತ್ತು. ದೊಡ್ಡದರದ್ದು ಕೊಡು, ಒಂದು ವರ್ಷ ಉಳೀತದೆ ಅಂದ್ರು ಅತ್ತೆ. ನನಗೂ ಅನ್ನಿಸಿತು, ಹಾಗಾದ್ರೂ ಅದು ಶಾಲೆಗೆ ಹೋಗ್ಲಿ ಅಂತ."

ಎಕ್ಸ್‌ರೇ ಯಂತ್ರದ ಕಡೆ ನೋಡಿ ಮತ್ತೆ ಹೇಳಿದರು: "ಎಕ್ಸ್‌ರೇಯಲ್ಲೇ ಗೊತ್ತಾಗ್ತದೆ, ನಾನು ಬಾಯಿಬಿಡಬೇಕಾಗುವುದಿಲ್ಲ ಅಂದುಕೊಂಡಿದ್ದೆ. ಶ್ರಾವ್ಯನಿಗೆ ಅಕ್ಕ ಇದ್ದದ್ದೇ ಗೊತ್ತಿಲ್ಲ."

ಎಕ್ಸ್‌ರೇಗೆ ಅದು ಗೊತ್ತಾಗುವುದಿಲ್ಲ. ಎಲುಬು ಎಷ್ಟು ಬೆಳೆದಿದೆ ಎಂದಷ್ಟೇ ಅದು ಹೇಳುತ್ತದೆ. ಹುಟ್ಟಿದ್ದು ಯಾವಾಗ ಎಂದು ಮನುಷ್ಯರೇ ಹೇಳಬೇಕು.

"ಈಗ ಡಾಕ್ಟರಿಗೆ ಹೇಳುವ, ನಾನೂ ಬರ್ತೇನೆ," ಎಂದಳು ಐರಿನ್. "ಮಗುವಿಗೆ ನಿಮಗೆ ಆಗುವಾಗ ಹೇಳಿ. ಆದ್ರೆ ಹೇಳಿ."

ನಿಜವಾದ ವಯಸ್ಸು ಒಂಬತ್ತು ವರ್ಷ ಆರು ತಿಂಗಳು. ಎಲುಬು ಎಂಟು ತಿಂಗಳಷ್ಟೇ ಹಿಂದೆ, ಅದು ಸಹಜ. ತಂದೆ ತಾಯಿ ಇಬ್ಬರೂ ಗಿಡ್ಡವೇ. ಇಂಜೆಕ್ಷನ್ ಮಾತು ಬೇಡ, ಆರು ತಿಂಗಳಿಗೊಮ್ಮೆ ಎತ್ತರ ನೋಡಿದರೆ ಸಾಕು ಎಂದರು ಡಾಕ್ಟರು. ಅವಳು ಗಿಡ್ಡವಾಗಿ ಕಂಡದ್ದು ತನಗಿಂತ ಒಂದು ವರ್ಷ ದೊಡ್ಡ ಮಕ್ಕಳ ಸಾಲಿನಲ್ಲಿ ನಿಂತದ್ದರಿಂದ.

ನಾನು ದಾಖಲೆಯಲ್ಲಿ ತಾರೀಕು ತಿದ್ದುತ್ತಿದ್ದೆ. ಶೈಲಜಾ ಸ್ಕ್ರೀನ್ ಮೇಲಿನ ಆ ಪುಟ್ಟ ಕೈಯನ್ನೇ ನೋಡುತ್ತಿದ್ದರು.

"ದೊಡ್ಡದು ಇದ್ದಿದ್ರೆ ಈಗ ಹತ್ತು ವರ್ಷ ಎಂಟು ತಿಂಗಳು," ಎಂದರು.

ಐರಿನ್ ಅವರ ಬೆನ್ನ ಮೇಲೆ ಕೈಯಿಟ್ಟು, "ಹೌದು. ಹತ್ತು ವರ್ಷ ಎಂಟು ತಿಂಗಳು," ಎಂದಳು.

ಹೋದ ಮಗುವಿಗೂ ವಯಸ್ಸಾಗುತ್ತದೆಯೇ ಎಂದು ಅವತ್ತು ನನಗೆ ವಿಚಿತ್ರ ಅನಿಸಿತ್ತು. ಈಗ ಅನಿಸುವುದಿಲ್ಲ. ಬರುವ ತಿಂಗಳು ಐರಿನ್‌ಗೆ ಐವತ್ತೆಂಟು ತುಂಬುತ್ತದೆ; ಲೆಕ್ಕ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ.

ಆ ಕೇಸಿನ ನಂತರ ನಿವೃತ್ತಿಯವರೆಗೂ ವಯಸ್ಸು ಕೇಳಿದ ಕೂಡಲೇ ಟೈಪ್ ಮಾಡಲು ತಿರುಗುವುದನ್ನು ಬಿಟ್ಟೆ. ಉತ್ತರ ಬಂದ ಮೇಲೂ ಸ್ವಲ್ಪ ಕಾಯುತ್ತಿದ್ದೆ. ಹೆಚ್ಚಿನವರು ಮುಂದೇನೂ ಹೇಳುತ್ತಿರಲಿಲ್ಲ. ಹೇಳಬೇಕೆಂದು ಇದ್ದವರು ಆ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತಿದ್ದರು.