ಕುರ್ಚಿ ಒರೆಸುವ ನರ್ಸಬಾಯಿ

ಹುನಗುಂದದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಬಾಯಿ ಜ್ವರ ಬಂದವರಿಗೂ ಜಗಳಕ್ಕೆ ಬಂದವರಿಗೂ ಒಂದೇ ಮಾತು ಹೇಳುತ್ತಿದ್ದರು: “ಮೊದ್ಲ ಕುಂದರ್ರಿ, ಆಮ್ಯಾಲೆ ಹೇಳ್ರಿ.” ಧೂಳಿರಲಿ ಬಿಡಲಿ, ಸೆರಗಿನಿಂದ ಕುರ್ಚಿ ಒರೆಸುತ್ತಿದ್ದರು.

ಒಮ್ಮೆ ದೂರದ ಊರೊಂದರ ಚರ್ಚಿನಲ್ಲಿ, ಪ್ರಾರ್ಥನೆಗೆ ಕೂತವರ ಮೇಲೆ ಅವರ ಧರ್ಮವನ್ನು ದ್ವೇಷಿಸುವವನೊಬ್ಬ ಗುಂಡು ಹಾರಿಸಿದ್ದ. ನರ್ಸಬಾಯಿ ಹೋಗುವ ನಮ್ಮೂರ ಪುಟ್ಟ ಚರ್ಚಿನವರು ಸತ್ತವರಿಗಾಗಿ ಅದೇ ವಾರ ಒಂದು ಸಂಜೆ ಸೇರಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಈ ಮಾಸ್ತರನ ಭಾಷಣವಿಲ್ಲದೆ ಊರಲ್ಲಿ ಯಾವ ಸಂತಾಪ ಸಭೆಯೂ ಮುಗಿಯಬಾರದೆಂಬುದು ನಾನೇ ಮಾಡಿಕೊಂಡ ಕಾನೂನು. ಹಣೆಗೆ ಢಾಳಾಗಿ ವಿಭೂತಿ ಬಳಿದುಕೊಂಡು, ಕಿಸೆಯಲ್ಲಿ ನಾಲ್ಕು ಪುಟ ಇಟ್ಟುಕೊಂಡು ಹೊರಟೆ.

ಚರ್ಚಿನ ಬಾಗಿಲು ಮುಚ್ಚಿತ್ತು. ನಮ್ಮಲ್ಲಿ ದುಃಖದ ಮನೆಗೆ ಹೋದವರು ಬಾಗಿಲು ತಟ್ಟುವುದಿಲ್ಲ, ಕೂಗುವುದೂ ಇಲ್ಲ, ಸುಮ್ಮನೆ ಒಳಗೆ ಹೋಗುತ್ತಾರೆ. ಅದೇ ಪದ್ಧತಿಯಂತೆ ನಾನೂ ಹೆಗಲು ಕೊಟ್ಟು ನೂಕಿದೆ. ಬಾಗಿಲು ಧಡ್ಡನೆ ಗೋಡೆಗೆ ಬಡಿಯಿತು. ಒಳಗೆ ಯಾರೋ ಚೀರಿದರು. ಹೆಂಗಸರು ಮಕ್ಕಳನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಕೊನೆಯ ಬೆಂಚಿನಲ್ಲಿದ್ದ ನರ್ಸಬಾಯಿ ಮಾತ್ರ ಎದ್ದು, ಎರಡೂ ಕೈ ಚಾಚಿ ನನಗೆ ಅಡ್ಡ ನಿಂತರು.

ಅವರಿಗೆ ನನ್ನ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು.

“ನೀವೇನ್ರಿ, ಮಾಸ್ತರ?”

ಚಾಚಿದ್ದ ಕೈ ಇಳಿಸಿ, ಸೆರಗು ಹಿಡಿದು ಬೆಂಚು ಒರೆಸಿದರು. “ಮೊದ್ಲ ಕುಂದರ್ರಿ.”

ಕೂತೆ. ಆಮ್ಯಾಲೆ ಹೇಳ್ರಿ ಎಂದು ಅವರು ಅನ್ನಲಿಲ್ಲ. ನಾನೂ ಕಿಸೆಗೆ ಕೈ ಹಾಕಲಿಲ್ಲ. ನನ್ನ ಭಾಷಣ ಶುರುವಾಗುತ್ತಿದ್ದುದೇ “ಬಂಧುಗಳೇ, ಹೆದರಬೇಡಿ” ಎಂದು.